ಸಹಿ ಯಾರದ್ದೇ ಇರಲಿ, ಹೊಣೆ ಮಂತ್ರಿಯದ್ದೇ
ಮುಂಧ್ರಾ ಹಗರಣದಲ್ಲಿ ಆಗಿನ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ (ಟಿಟಿಕೆ) ಅಧಿಕಾರಿಗಳ ತಪ್ಪಿಗೆ ಬಲಿಯಾದರು ಅಂತ ನಾನು ಓದಿದ ಲೇಖನವೊಂದು ಹೇಳುತ್ತದೆ. ನನಗೆ ಒಪ್ಪಿಗೆಯಿಲ್ಲ. ಎಲ್‌ಐಸಿ ಶುರುವಾಗಿದ್ದೇ 1956ರಲ್ಲಿ. ಮರುವರ್ಷವೇ ಅದರ ಸುಮಾರು 1.24 ಕೋಟಿ ರೂಪಾಯಿ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರಿಗೆ ಹೋಯಿತು, ಅದೂ ತನ್ನದೇ ಹೂಡಿಕೆ ಸಮಿತಿಯನ್ನು ಕೇಳದೆ. ಅದು ಪಾಲಿಸಿ ಕಟ್ಟಿದ ಜನರ ದುಡ್ಡು ಅಲ್ವಾ?

ಇದನ್ನು ಸಂಸತ್ತಿನಲ್ಲಿ ಎತ್ತಿದ್ದು ವಿರೋಧ ಪಕ್ಷದವರಲ್ಲ, ಆಳುವ ಪಕ್ಷದ ಸಂಸದ, ಪ್ರಧಾನಿ ನೆಹರೂ ಅವರ ಅಳಿಯ ಫಿರೋಜ್ ಗಾಂಧಿ. ಆ ಧೈರ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಜನರ ಎದುರೇ ವಿಚಾರಣೆ ನಡೆಸಿ ಕೆಲವೇ ವಾರಗಳಲ್ಲಿ ವರದಿ ಕೊಟ್ಟರು. ತನ್ನ ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಹೊಣೆ, ನನಗೆ ಗೊತ್ತಿರಲಿಲ್ಲ ಅಂತ ಜಾರಿಕೊಳ್ಳುವಂತಿಲ್ಲ ಅನ್ನುವುದು ಅವರ ನಿಲುವು.

1958ರ ಫೆಬ್ರವರಿಯಲ್ಲಿ ಟಿಟಿಕೆ ರಾಜೀನಾಮೆ ಕೊಟ್ಟರು. ಸಂವಿಧಾನದ ಕರಡು ಸಮಿತಿಯಲ್ಲಿ ದುಡಿದವರು, 1957ರಲ್ಲಿ ಸಂಪತ್ತು ತೆರಿಗೆ ತಂದವರು, ಸಾಮಾನ್ಯ ಬುದ್ಧಿವಂತರಲ್ಲ. ಅದಕ್ಕೇ ಬೇಜಾರು ಜಾಸ್ತಿ. 1963ರಲ್ಲಿ ಮತ್ತೆ ಹಣಕಾಸು ಮಂತ್ರಿಯಾದರು, ಹಗರಣದ ಹೊತ್ತಿನಲ್ಲಿ ಅವರ ಕಾರ್ಯದರ್ಶಿಯಾಗಿದ್ದ ಎಚ್.ಎಂ. ಪಟೇಲ್ ಕೂಡ 1977ರಲ್ಲಿ ಅದೇ ಕುರ್ಚಿಗೆ ಬಂದರು. ಲೇಖನದಲ್ಲಿ ಇದನ್ನೂ ಬರೆಯಬೇಕಿತ್ತು.