ಸೈನಿಕರ ಆರೈಕೆಗೆ ನಾಗರಿಕರು ಕೈಹಾಕಬೇಕೇ?

ಪರ: ನಿವೃತ್ತ ನರ್ಸ್, ಪುಣೆ

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಸತ್ತ ಸೈನಿಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಗುಂಡಿಗೆ ಸತ್ತವರಲ್ಲ. ಭೇದಿ, ಆಮಶಂಕೆ, ಟೈಫಾಯ್ಡ್, ದಡಾರದಂಥ ರೋಗಗಳಿಗೆ ಸತ್ತರು. ಗಲೀಜು ಪಾಳೆಯ, ಕೆಟ್ಟ ನೀರು. 1861ರ ಜೂನ್‌ನಲ್ಲಿ ಸೈನಿಕರ ಆರೋಗ್ಯ, ನೈರ್ಮಲ್ಯ ನೋಡಿಕೊಳ್ಳಲು ನಾಗರಿಕರೇ ಕಟ್ಟಿದ ಸ್ಯಾನಿಟರಿ ಕಮಿಷನ್ನಿಗೆ ಲಿಂಕನ್ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದರ ಕಾರ್ಯದರ್ಶಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಓಲ್ಮ್‌ಸ್ಟೆಡ್. ಅವರ ತಪಾಸಣೆಗಾರರು ಪಾಳೆಯಕ್ಕೇ ಹೋಗಿ ಪಾಯಿಖಾನೆ, ಚರಂಡಿ ನೋಡಿದರು. ತಾಜಾ ಹಣ್ಣು-ತರಕಾರಿ ಸಿಗದೆ ಬರುವ ಸ್ಕರ್ವಿ ರೋಗಕ್ಕೆ ಈರುಳ್ಳಿ, ಆಲೂಗಡ್ಡೆ ಕಳಿಸಿದರು. ಇದಕ್ಕೆ ಹಣ ಕೂಡಿಸಲು ಹೆಂಗಸರು ಊರೂರಲ್ಲಿ ಜಾತ್ರೆಯಂತೆ ಮೇಳ ನಡೆಸಿದರು. 1864ರ ನ್ಯೂಯಾರ್ಕ್ ಮೇಳವೊಂದರಲ್ಲೇ 10 ಲಕ್ಷ ಡಾಲರಿಗೂ ಹೆಚ್ಚು ಕೂಡಿತು.

ನನ್ನ ಮನಸ್ಸು ನಿಲ್ಲುವುದು ಕಮಿಷನ್ನಿನವರ ಇನ್ನೊಂದು ಕೆಲಸದ ಮೇಲೆ. ಯಾರ ಮಗ ಯಾವ ಆಸ್ಪತ್ರೆಯಲ್ಲಿದ್ದಾನೆ ಎಂದು ಪಟ್ಟಿ ಇಟ್ಟು, ಮನೆಯವರು ಕೇಳಿದರೆ ತಿಳಿಸುತ್ತಿದ್ದರು. ಒಮ್ಮೆ ಗದಗದ ಕಡೆಯ ತಾಯಿಯೊಬ್ಬಳು, ಕಟ್ಟಡದಿಂದ ಬಿದ್ದ ಮಗನನ್ನು ಹುಡುಕುತ್ತ ಪುಣೆಯಲ್ಲಿ ಒಂದೂವರೆ ದಿನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದಳು. ಮರಾಠಿ ಬಾರದು. ಕೈಯಲ್ಲಿ ಬೆವರಿಗೆ ಒದ್ದೆಯಾದ ಚೀಟಿ. ನನ್ನ ಕನ್ನಡ ಕೇಳಿದ್ದೇ ಕೈ ಹಿಡಿದು, "ನನ್ನ ಮಗ ಎಲ್ಲ್ಯಾನ್ರೀ ಯವ್ವಾ?" ಅಂದಳು. ಅವನು ನಮ್ಮ ವಾರ್ಡಿನಲ್ಲೇ ಇದ್ದ. ಅದು ಸರ್ಕಾರದ ಕೆಲಸ ಎಂದು ವಾದಿಸುವವರು ಆ ಕೈ ಬಿಡಿಸಿಕೊಂಡು ಹೋಗಬಲ್ಲರೇ?

ವಿರೋಧ: ನಿವೃತ್ತ ಲೆಕ್ಕಿಗ, ಚಿಂಚವಡ

ಸಂಪಾದಕರು ಈ ಪಕ್ಷ ವಹಿಸಿ ಎಂದರು, ವಹಿಸಿದ್ದೇನೆ. ಕಮಿಷನ್ ಗಾಡಿಗೆ ಐದನೇ ಚಕ್ರವಾದೀತೆಂದು ಲಿಂಕನ್ನರೇ ಅಳುಕಿದ್ದರು. ದಾನಿಗಳಿಗೂ ತಮ್ಮೂರ ಪಡೆಗೇ ಸಾಮಾನು ತಲುಪಲಿ ಎಂಬ ಆಸೆ. 2019ರ ಕೃಷ್ಣಾ ಪ್ರವಾಹಕ್ಕೆ ನಮ್ಮ ಗಣೇಶ ಮಂಡಳದ ಹುಡುಗರು ಸಾಂಗ್ಲಿಗೆ ಟೆಂಪೊ ಒಯ್ದರು, ನಾನೂ ಹೋಗಿದ್ದೆ. ಅಲ್ಲಿ ಬೇಕಿದ್ದದ್ದು ಬ್ಲೀಚಿಂಗ್ ಪೌಡರ್. ನಾವು ಒಯ್ದದ್ದು ಹಳೆ ಸೀರೆ, ಬೂಷ್ಟು ಹಿಡಿದ ಚಪಾತಿ.

ಗಾಯಾಳುಗಳನ್ನು ಹೊತ್ತು ತರುವ ಆಂಬುಲೆನ್ಸ್ ದಳವನ್ನು 1862ರಲ್ಲಿ ಕಟ್ಟಿದ್ದು ಸೈನ್ಯದ ವೈದ್ಯ ಲೆಟರ್‌ಮನ್. 1864ರಲ್ಲಿ ಅದು ಕಾಯಿದೆಯಾಯಿತು. ಉಳಿಯುವ ವ್ಯವಸ್ಥೆ ಸೈನ್ಯದೊಳಗಿನಿಂದಲೇ ಬರಬೇಕು. ಆದರೆ ಲೆಟರ್‌ಮನ್ನರನ್ನು ಆ ಕೆಲಸಕ್ಕೆ ತಂದವರು ಸೈನ್ಯದ ಮುಖ್ಯ ವೈದ್ಯಾಧಿಕಾರಿ ಹ್ಯಾಮಂಡ್. ಹ್ಯಾಮಂಡ್ ಆ ಸ್ಥಾನಕ್ಕೆ ಬರಲು ಒತ್ತಾಯ ಹಾಕಿದ್ದು ಅದೇ ಕಮಿಷನ್ ಎಂಬುದನ್ನೂ ಇಲ್ಲಿ ಹೇಳಲೇಬೇಕು.