ಎತ್ತು ಏರಿಗೆ, ಕೋಣ ನೀರಿಗೆ, ಅರ್ಜಿ ಎರಡೂ ಕಡೆಗೆ

ಒಂದು ಬಕೆಟ್ ಬಿಸಿನೀರು ಯಾರದ್ದು?

ಸುಮ್ನೆ ಕೇಳುತ್ತಿಲ್ಲ. ಅಮೆರಿಕದಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಲಾಂಡ್ರಿ ಇಟ್ಟವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ನೀರು ನೀರಿನ ಸಂಸ್ಥೆಯದ್ದು. ಅದರ ಬಿಸಿ ಗ್ಯಾಸಿನವರದ್ದು. ಡ್ರಮ್ ತಿರುಗಿಸುವ ಮೋಟಾರು ಕರೆಂಟಿನವರದ್ದು. ಕೊಳೆ ಹೊತ್ತು ಹೊರಗೆ ಹೋಗುವಾಗ ಒಳಚರಂಡಿಯವರದ್ದೂ ಒಂದು ಬಿಲ್. ಕಡಿಮೆ ಬಳಸುವ ಮಷಿನ್ ಕೊಂಡವರಿಗೆ ಇಂಥ ಸಂಸ್ಥೆಗಳು ರಿಬೇಟ್ ಅಂತ ಒಂದಿಷ್ಟು ದುಡ್ಡು ವಾಪಸ್ ಕೊಡುವುದುಂಟು; ಆದರೆ ಸಾಮಾನ್ಯವಾಗಿ ಒಬ್ಬೊಬ್ಬರಿಗೂ ಬೇರೆ ಬೇರೆ ಅರ್ಜಿ.

ಮಷಿನ್‌ಗೆ ಮಾತ್ರ ಈ ಭೇದಭಾವ ಗೊತ್ತಿಲ್ಲ. ಮುಂದೆ ಬಾಗಿಲಿರುವ ಮಷಿನ್ ತಳದಲ್ಲಿ ಒಂದಿಷ್ಟು ನೀರಿಟ್ಟುಕೊಂಡು ಬಟ್ಟೆಯನ್ನು ಎತ್ತಿ ಎತ್ತಿ ಅದರೊಳಗೆ ಬೀಳಿಸುತ್ತದೆ. ಮೇಲೆ ಮುಚ್ಚಳವಿರುವ ಹಳೇ ಮಷಿನ್‌ಗೆ ಬಟ್ಟೆ ಪೂರ್ತಿ ಮುಳುಗಲೇಬೇಕು. ನೀರು ಕಡಿಮೆಯಾದರೆ ಕಾಯಿಸುವ ಖರ್ಚೂ ಕಡಿಮೆ. ಬಿಸಿನೀರಲ್ಲಿ ಒಗೆಯುವಾಗ ಶಕ್ತಿಯ ಬಹುಪಾಲು ಹೋಗುವುದು ಕಾಯಿಸುವುದಕ್ಕೇ. ಜೋರಾಗಿ ತಿರುಗಿಸಿ ಹಿಂಡಿದರೆ ಡ್ರೈಯರ್‌ಗೂ ಕೆಲಸ ಇಳಿಯುತ್ತದೆ. ಹಾಗಿದ್ದರೆ ಎಲ್ಲರೂ ಒಟ್ಟಿಗೆ ಕೂತು ಒಂದೇ ರಿಬೇಟ್ ಕೊಡಬಹುದಲ್ವಾ?

ಕೊಡಬಹುದು. ಆದರೆ ಆ ಉಳಿತಾಯವನ್ನು ಯಾರ ಪುಸ್ತಕದಲ್ಲಿ ಬರೆಯುವುದು? ಇದಕ್ಕೆ ಮೀಟಿಂಗ್ ಬೇಕು. ಮೀಟಿಂಗ್ ಯಾರ ಆಫೀಸಿನಲ್ಲಿ? ಅದಕ್ಕೆ ಇನ್ನೊಂದು ಮೀಟಿಂಗ್ ಬೇಕು.

ಅಳತೆಯ ಕಥೆ ಇನ್ನೂ ಚೆನ್ನಾಗಿದೆ. 2007ರ ಜನವರಿಯಿಂದ ಅಲ್ಲಿನ ವಾಣಿಜ್ಯ ವಾಷರ್‌ಗಳಿಗೆ ಸರ್ಕಾರ ಎರಡು ಅಂಕ ಕಟ್ಟಿತು. ಶಕ್ತಿಯ ಅಂಕ, ಅಂದರೆ ಒಂದು ಯೂನಿಟ್ ಶಕ್ತಿಗೆ ಎಷ್ಟು ಘನ ಅಡಿ ಡ್ರಮ್ ಎಂಬ ಲೆಕ್ಕ, ಆಗ 1.26ಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ನೀರಿನ ಅಂಕ, ಅಂದರೆ ಒಂದು ಘನ ಅಡಿ ಡ್ರಮ್‌ಗೆ ಎಷ್ಟು ಗ್ಯಾಲನ್ ನೀರು ಎಂಬ ಲೆಕ್ಕ, 9.5ಕ್ಕಿಂತ ಮೇಲೆ ಹೋಗುವಂತಿರಲಿಲ್ಲ. ಒಂದು ಏರಿದಷ್ಟೂ ಒಳ್ಳೆಯದು, ಇನ್ನೊಂದು ಇಳಿದಷ್ಟೂ ಒಳ್ಳೆಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಾವೆಲ್ಲ ಕೇಳಿದ್ದೇವೆ. ಅದು ದಶಾಂಶ ಚಿಹ್ನೆ ಸಮೇತ ಕಾನೂನಾಗಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ನೀರಿಗೂ ಕರೆಂಟಿಗೂ ನಂಟಿದೆ ಅಂತ ಇವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಇಂಧನ ಆಯೋಗ 2005ರಲ್ಲೇ ಲೆಕ್ಕ ಹಾಕಿ ಹೇಳಿತ್ತು: ನೀರು ಎತ್ತುವುದು, ಸಾಗಿಸುವುದು, ಶುದ್ಧ ಮಾಡುವುದು, ಕಾಯಿಸುವುದು ಎಲ್ಲ ಸೇರಿ ರಾಜ್ಯದ ಕರೆಂಟಿನಲ್ಲಿ ಸುಮಾರು 19% ನೀರಿನ ಹಿಂದೆಯೇ ಓಡುತ್ತದೆ. ಕೆಲವು ಕಡೆ ನೀರಿನವರೂ ಕರೆಂಟಿನವರೂ ಸೇರಿ ಒಂದೇ ಅರ್ಜಿ ಮಾಡಿದ್ದೂ ಉಂಟು. ಅಂಥವರ ಕಾಲಿಗೆ ಬೀಳಬೇಕು. ಉಳಿದ ಕಡೆ ಅರ್ಜಿದಾರನೇ ಎಲ್ಲರ ಕಾಲಿಗೆ ಬೀಳುತ್ತಾನೆ.

ಅವನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಳೇ ಮಷಿನ್‌ನ ಹಿಂದೆ, ಗೋಡೆಗೂ ಪೈಪಿಗೂ ನಡುವಿನ ಗೇಣು ಜಾಗದಲ್ಲಿ ತಲೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಸೀರಿಯಲ್ ನಂಬರ್ ಹುಡುಕುತ್ತಿದ್ದಾನೆ. ತುಕ್ಕು ತಿಂದು ಉಳಿದಿರುವುದು ಮೂರೇ ಅಂಕಿ. ನೀರಿನ ಫಾರ್ಮ್ ಪ್ರಕಾರ ಹಳೇ ಮಷಿನ್ ಎತ್ತಿ ಹಾಕಿದ ಮೇಲೇ ಅರ್ಜಿ. ಕರೆಂಟಿನ ಫಾರ್ಮ್ ಪ್ರಕಾರ ಇನ್ಸ್‌ಪೆಕ್ಟರ್ ಬಂದು ನೋಡುವವರೆಗೆ ಅದು ಅಲ್ಲಾಡಬಾರದು. ಒಬ್ಬರ ಗಡುವು ಮುಗಿದ ಮೇಲೆ ಇನ್ನೊಬ್ಬರ ಬಜೆಟ್ ಬಾಗಿಲು ತೆರೆಯುತ್ತದೆ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯದ್ದು ಇನ್ನೊಂದು ಮಜಾ. ಅಲ್ಲಿ ಎಷ್ಟೋ ಕಡೆ ಮಷಿನ್ ಗುತ್ತಿಗೆದಾರನದ್ದು, ಬಿಲ್ ಕಟ್ಟಡದ ಮಾಲೀಕನದ್ದು, ಬಟ್ಟೆ ಬಾಡಿಗೆಯವರದ್ದು. ದುಡ್ಡು ಹಾಕಿ ಒಳ್ಳೆ ಮಷಿನ್ ತರಬೇಕಾದವನಿಗೆ ಒಂದು ಹನಿ ಉಳಿತಾಯವೂ ಸಿಗುವುದಿಲ್ಲ. ಉಳಿತಾಯ ಸಿಗುವವನು ಮಷಿನ್ ಕೊಳ್ಳುವುದಿಲ್ಲ. ರಿಬೇಟ್ ಚೆಕ್ ಮೇಲೆ ಯಾರ ಹೆಸರು ಬರೆಯಬೇಕೆಂದು ಕೇಳಿದರೆ ಮೂವರೂ ಕೈ ಎತ್ತುತ್ತಾರೆ. ಅರ್ಜಿ ತುಂಬುವವರು ಯಾರು ಅಂದರೆ ಮೂವರಿಗೂ ಡ್ರೈಯರ್ ಸದ್ದಿನಲ್ಲಿ ಕೇಳಿಸುವುದಿಲ್ಲ.

ಟಾರ್ಚ್ ಕಚ್ಚಿದ್ದ ನಮ್ಮ ಲಾಂಡ್ರಿ ಮಾಲೀಕ ಈಗ ಕೊನೇ ಪುಟಕ್ಕೆ ಬಂದಿದ್ದಾನೆ. 'ಈ ಮಷಿನ್‌ನಿಂದ ಏನು ಉಳಿಯುತ್ತದೆ? ಒಂದನ್ನು ಮಾತ್ರ ಗುರುತಿಸಿ.' ಅವನು ತಲೆ ಕೆರೆದುಕೊಂಡು, ಪೆನ್ನನ್ನು ಮಷಿನ್ ಮೇಲಿಟ್ಟ. ಹಳೇ ಮಷಿನ್ ಆಗ ತಾನೇ ಹಿಂಡಲು ಶುರು ಮಾಡಿತ್ತು. ಗಡಗಡ ನಡುಗಿ, ಎರಡು ಹೆಜ್ಜೆ ಮುಂದೆ ನಡೆದು, ಪೆನ್ನನ್ನು ಚರಂಡಿಗೆ ಬೀಳಿಸಿತು.