ಮೀಲ್ ಮೇಕರ್ ತಿಂದರೆ ಮೀಸೆ ಉದುರುತ್ತದಂತೆ

ಅಕ್ಕನ ಮನೆಯ ಪಲಾವಿಗೆ ಇನ್ನು ಮುಂದೆ ಮೀಲ್ ಮೇಕರ್ ಹಾಕುವಂತಿಲ್ಲ. ಕಳೆದ ಭಾನುವಾರ ಅವಳ ಮಗ ಒಂದೊಂದನ್ನೇ ಹೆಕ್ಕಿ, ಸತ್ತ ಜಿರಲೆಯನ್ನು ಸರಿಸಿದಂತೆ ತಟ್ಟೆಯಂಚಿಗೆ ಸರಿಸಿದ. "ಮಾಮಾ, ಸೋಯಾದಲ್ಲಿ ಈಸ್ಟ್ರೋಜನ್ ಇದೆ, ಹೆಂಗಸರ ಹಾರ್ಮೋನು. ಗಂಡಸರು ತಿನ್ನಬಾರದು." ಅವನಿಗೆ ಹೇಳಿದ್ದು ರೀಲ್ಸಿನ ಅಣ್ಣ. ನೀವೂ ನೋಡಿರುತ್ತೀರಿ: ಮೈಮೇಲೆ ಅಂಗಿಯಿಲ್ಲ, ಹಿಂದೆ ಡಂಬೆಲ್ಲು, ಕೈಯಲ್ಲಿ ಮಾರಾಟದ ಡಬ್ಬಿ. ಡಬ್ಬಿಯೊಳಗಿನ ಪುಡಿ ಈಸ್ಟ್ರೋಜನ್ನನ್ನು 'ಬ್ಲಾಕ್' ಮಾಡುತ್ತದಂತೆ. ಸಿಲ್ಕ್ ಬೋರ್ಡ್ ಜಂಕ್ಷನ್ ಬಿಟ್ಟರೆ ಬ್ಲಾಕ್ ಆಗಲು ಬಾಕಿಯಿದ್ದದ್ದು ಇದೊಂದೇ.

ಭಲೇ! ಗಂಡಸುತನಕ್ಕೆ ಇಂಥ ಕಾವಲುಗಾರರು ಬೇಕು. ತೊಂದರೆಯೆಂದರೆ ಈ ಕಳ್ಳ ಹೊರಗಿನವನಲ್ಲ, ಮನೆಮಗ. ಗಂಡಸಿನ ವೃಷಣದಲ್ಲೇ ಅರೋಮಟೇಸ್ ಎಂಬ ಕಿಣ್ವವಿದೆ. ಅದು ಗಂಡು ಹಾರ್ಮೋನಾದ ಟೆಸ್ಟೋಸ್ಟಿರೋನನ್ನೇ ಹಿಡಿದು ಈಸ್ಟ್ರೋಜನ್ ಮಾಡುತ್ತದೆ. ಮುಟ್ಟು ನಿಂತ ಅಜ್ಜಿಯ ರಕ್ತಕ್ಕಿಂತ ಮೀಸೆ ತಿರುವುವ ಮೊಮ್ಮಗನ ರಕ್ತದಲ್ಲೇ ಸಾಮಾನ್ಯವಾಗಿ ಅದು ಜಾಸ್ತಿ. ಸೋಯಾದಲ್ಲಿರುವುದು ಅದನ್ನು ಹೋಲುವ ಸಸ್ಯದ ಅಂಶ ಅಷ್ಟೇ. ಗಂಡಸರಿಗೆ ತಿನ್ನಿಸಿ ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದಾಗಲೂ ಟೆಸ್ಟೋಸ್ಟಿರೋನ್ ಕದಲಲಿಲ್ಲ.

ಕುದುರೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ, ಮೂತ್ರ ಮಾಡಬೇಡಿ ಎಂಬ ಬರಹದ ಪಕ್ಕದಲ್ಲಿ, ಶಕ್ತಿವರ್ಧಕದ ಪೋಸ್ಟರ್ ಇರುತ್ತದಲ್ಲ? ಅದರಲ್ಲಿ ಕೇಸರ ಹಾರಿಸುತ್ತ ಓಡುವ ಕುದುರೆ, ಗಂಡಸುತನದ ಬ್ರಾಂಡ್ ಅಂಬಾಸಡರ್. 1934ರಲ್ಲಿ ಬೆರ್ನ್‌ಹಾರ್ಡ್ ಝೋಂಡೆಕ್ ಎಂಬ ವೈದ್ಯ ವಿಜ್ಞಾನಿ ಗಂಡು ಕುದುರೆಯ ಮೂತ್ರ ಪರೀಕ್ಷಿಸಿದಾಗ ಸಿಕ್ಕಿದ್ದು ಕೊಡಗಟ್ಟಲೆ ಈಸ್ಟ್ರೋಜನ್. ಅದರ ಮೂಲ ಹುಡುಕಿದರೆ ಕುದುರೆಯ ವೃಷಣ! ಪೋಸ್ಟರ್ ಅಂಟಿಸುವವನಿಗೆ ಯಾರಾದರೂ ಹೇಳಿ. ಬೇಡ, ಬಿಡಿ, ಪಾಪ, ಅವನಿಗೆ ದಿನಗೂಲಿ.

ಇಷ್ಟಕ್ಕೂ ಈಸ್ಟ್ರೋಜನ್ನಿಗೆ ಗಂಡಿನ ಮೈಯಲ್ಲಿ ಕೆಲಸವೇನು? ವೀರ್ಯಾಣುಗಳು ವೃಷಣದಿಂದ ನೀರಿನಲ್ಲಿ ತೇಲಿ ಹೊರಡುತ್ತವೆ. ದಾರಿಯ ಸಣ್ಣ ನಾಳಗಳು ಬಹುಪಾಲು ನೀರನ್ನು ಹೀರಿ ಗಟ್ಟಿಮಾಡಬೇಕು. ಹೀರಿಸುವುದರಲ್ಲಿ ಈಸ್ಟ್ರೋಜನ್ನಿನದೇ ಕಾರುಬಾರು. ಅದರ ಮಾತು ಕೇಳುವ ಗ್ರಾಹಕವೇ (ಜೀವಕೋಶದ ರಿಸೆಪ್ಟರ್) ಇಲ್ಲದ ಗಂಡಿಲಿಗಳಲ್ಲಿ ಏನಾಯಿತೆಂದು ವಿಜ್ಞಾನಿ ರೆಕ್ಸ್ ಹೆಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಮದುವೆಮನೆಯ ಕೊನೇ ಪಂಕ್ತಿಯ ಸಾರಿನಂತೆ ಎಲ್ಲ ನೀರುನೀರು. ಆ ನೀರು ಹಿಂದಕ್ಕೊತ್ತಿ ವೃಷಣವೂ ಕೆಟ್ಟಿತು. ಮರಿಗಳಿಲ್ಲ.

ಹೆಚ್ಚಾದರೂ ಕೆಡುಕೇ, ನಿಜ. ಹೊಟ್ಟೆಯ ಕೊಬ್ಬಿನಲ್ಲೂ ಅರೋಮಟೇಸ್ ಇದೆ. ಕೆಲವರಿಗೆ ವೈದ್ಯರು ರಕ್ತ ಪರೀಕ್ಷಿಸಿ ಅದನ್ನು ತಗ್ಗಿಸುವ ಮಾತ್ರೆಯನ್ನೂ ಕೊಡುತ್ತಾರೆ. ಆದರೆ ಅಣ್ಣನಂತೆ ಆಗಲೆಂದು ಟೆಸ್ಟೋಸ್ಟಿರೋನ್ ಚುಚ್ಚಿಸಿಕೊಂಡರೆ ಮೆದುಳು 'ಸಾಕಷ್ಟಿದೆ' ಎಂದುಕೊಂಡು ವೃಷಣಕ್ಕೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ತೋಳು ಹದಿನಾರು ಇಂಚು, ವೀರ್ಯಾಣು ಸೊನ್ನೆ, ಹೀಗೂ ಆಗಬಹುದು.

ನಗು ಇಲ್ಲಿಗೆ ಸಾಕು. ಮಕ್ಕಳಿಲ್ಲದವಳಿಗೆ ನಮ್ಮಲ್ಲಿ 'ಬಂಜೆ' ಎಂಬ ಪದ ಸಿದ್ಧವಿದೆ. ಅವನಿಗೆ? 'ಷಂಡ' ಎಂದರೆ ಬೇರೆ ಅರ್ಥ. ಎಲ್ಲ ಸರಿಯಿದ್ದೂ ವೀರ್ಯಾಣು ಇಲ್ಲದವನಿಗೆ ಆಡುಮಾತಿನಲ್ಲಿ ಹೆಸರೇ ಇಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಆದರೂ ಅಶ್ವತ್ಥಕಟ್ಟೆ ಸುತ್ತುವವಳು ಅವಳು, ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿಕೊಳ್ಳುವವಳು ಅವಳು, ನಾಮಕರಣಕ್ಕೆ ಹೋದರೆ ಮಗು ಎತ್ತಿಕೊಳ್ಳಬೇಡವೆಂದು ಕಣ್ಣಲ್ಲೇ ಹೇಳಿಸಿಕೊಳ್ಳುವವಳೂ ಅವಳೇ. ಅವನು ಮಾಡಿಸಬೇಕಾದದ್ದು ಮೊದಲಿಗೆ ಒಂದು ವೀರ್ಯ ಪರೀಕ್ಷೆ: ಒಂದು ಪುಟ್ಟ ಡಬ್ಬಿ, ಬಾಗಿಲು ಹಾಕಿದ ಒಂದು ಕೋಣೆ. ಅದಕ್ಕೂ ಮರ್ಯಾದೆ ಅಡ್ಡ. ಮೂವತ್ತು ವರ್ಷದಿಂದ ನೆಂಟರಿಷ್ಟರಲ್ಲಿ ಇದನ್ನೇ ನೋಡಿದ್ದೇನೆ, ಬೇಜಾರು ಬಂದಿದೆ.

ಉಳಿದ ಮೀಲ್ ಮೇಕರ್ ಪ್ಯಾಕೆಟ್ಟನ್ನು ಅಕ್ಕ ನನಗೆ ಕೊಟ್ಟು ಕಳಿಸಿದ್ದಾಳೆ. ನನಗೆ ಈಗಾಗಲೇ ಇಬ್ಬರು ಮಕ್ಕಳು, ಇನ್ನೇನೂ ನಷ್ಟವಿಲ್ಲ ಎಂದು ಅವಳ ಲೆಕ್ಕ.